ಹಿತ್ತಲಿನ ವಟಾಣಿ, ಹಡಗಿನ ವಟಾಣಿ

ಕುಡಚಿಯ ಸುತ್ತಮುತ್ತಲಿನ ಕಿರಾಣಿ ಅಂಗಡಿಗಳಲ್ಲಿ ಇಂದು ಒಣ ವಟಾಣಿ ಕೇಳಿದರೆ ಸಾಮಾನ್ಯವಾಗಿ ದೊರೆಯುವುದು ಒಂದೇ ಗಾತ್ರದ, ಒಂದೇ ಹೊಳಪಿನ, ಬಿಳಿ ಅಥವಾ ಹಳದಿ ಬಣ್ಣದ ದುಂಡು ಕಾಳು. ಅದು ಯಾವ ಊರಿನದೆಂದು ಅಂಗಡಿಯವರು ಹೇಳಲಾರರು. ಅವರ ತಪ್ಪೇನೂ ಇಲ್ಲ. ಚೀಲದ ಮೇಲೆ ಊರಿನ ಹೆಸರೇ ಇರುವುದಿಲ್ಲ. ನಮ್ಮ ದೇಶಕ್ಕೆ ಆಮದಾಗುವ ಹಳದಿ ವಟಾಣಿಯ ಬಹುಪಾಲು ಕೆನಡಾ ಮತ್ತು ರಷ್ಯಾದ ಬಯಲುಗಳಲ್ಲಿ ಬೆಳೆದು, ಹಡಗೇರಿ, ಬಂದರಿನಲ್ಲಿ ಇಳಿದು, ಲಾರಿಗಳಲ್ಲಿ ಊರೂರಿಗೆ ಹಂಚಿಕೆಯಾಗುತ್ತದೆ. ಕೃಷ್ಣೆಯ ದಂಡೆಯ ಕರಿನೆಲದಲ್ಲಿ, ಮಳೆ ನಿಂತ ಮೇಲೂ ಉಳಿದ ತೇವದಲ್ಲೇ ಕಾಳು ಕಟ್ಟುವ ಮಣ್ಣಿನ ಮೇಲೆ ನಿಂತು, ಸಮುದ್ರದಾಚೆಯ ಕಾಳನ್ನು ಕೊಂಡು ಉಸಳಿ ಮಾಡಿಕೊಳ್ಳುವ ಸ್ಥಿತಿಗೆ ನಾವು ಬಂದದ್ದು ಹೇಗೆ?

ಬೆಟ್ಟದ ಸೀಮೆಯ ಪತ್ರಿಕೆಯಲ್ಲಿ ಬಯಲಿನ ಕುಡಚಿಯ ಮಾತೇಕೆಂದು ಕೆಲವರು ಕೇಳಬಹುದು. ಕೃಷ್ಣೆ ಹುಟ್ಟುವುದು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ. ನಿಪ್ಪಾಣಿ, ಚಿಕ್ಕೋಡಿ ಸೀಮೆಯನ್ನು ಹಾದು ಅವಳನ್ನು ಸೇರುವ ವೇದಗಂಗಾ, ದೂಧಗಂಗಾ ನದಿಗಳೂ ಅದೇ ಘಟ್ಟದಿಂದ ಇಳಿದವು. ಘಟ್ಟದ ಮೇಲೆ ಸುರಿದ ಮಳೆಯೇ 2005ರಲ್ಲಿ, 2019ರಲ್ಲಿ, 2021ರಲ್ಲಿ ಆ ದಂಡೆಯ ಹೊಲಮನೆಗಳಿಗೆ ನುಗ್ಗಿತು. ಇನ್ನು ಕಾಳಿನ ಮಾತಿಗೆ ಬಂದರೆ, ನಮ್ಮ ಬೆಟ್ಟದ ಮನೆಗಳ ಡಬ್ಬಿಯಲ್ಲಿರುವುದೂ ಅದೇ ಚೀಲದ ಕಾಳು. ಬಯಲಿನವರು ವಟಾಣಿ ಎನ್ನುತ್ತಾರೆ, ನಾವು ಬಟಾಣಿ ಎನ್ನುತ್ತೇವೆ, ಹಡಗು ಒಂದೇ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಲೇಸು. ಹೊಲ ಕೈತಪ್ಪಿದ ಕಡೆಗಳಲ್ಲಿ ಒಣಗಾಳಿನ ಊರ ತಳಿಗಳಿಗೆ ಉಳಿದಿರುವ ಕೊನೆಯ ನೆಲೆ ಮನೆಯ ಹಿತ್ತಲು. ಕಾಡನ್ನೂ ನದಿಯನ್ನೂ ಚಳವಳಿಯ ವಿಷಯವೆಂದು ಬಗೆದ ನಾವು ಹಿತ್ತಲನ್ನು ಮಾತ್ರ ಹೆಂಗಸರ ಪುರಸೊತ್ತಿನ ಕೆಲಸವೆಂದು ಬದಿಗೆ ಸರಿಸಿದ್ದೇವೆ. ಈ ಅಸಡ್ಡೆ ಇನ್ನು ಸಾಕು.

ಹಡಗಿನ ಕಥೆಯಿಂದಲೇ ಆರಂಭಿಸೋಣ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ವಟಾಣಿಯ ಆಮದಿನ ಮೇಲೆ ಶೇ. 50 ಸುಂಕ ವಿಧಿಸಿತು. 2018ರಲ್ಲಿ ಆಮದಿನ ಪ್ರಮಾಣಕ್ಕೂ ಮಿತಿ ಹಾಕಿತು. 2023ರ ಡಿಸೆಂಬರ್‌ನಲ್ಲಿ ಹಳದಿ ವಟಾಣಿಯ ಸುಂಕವನ್ನು ಸಂಪೂರ್ಣವಾಗಿ ತೆಗೆದುಹಾಕಿತು. ಕೆಲವೇ ತಿಂಗಳ ಮಟ್ಟಿಗೆಂದು ಹೇಳಿದ ಆ ವಿನಾಯಿತಿ ಮತ್ತೆ ಮತ್ತೆ ವಿಸ್ತರಣೆಯಾಯಿತು. 2025ರ ನವೆಂಬರ್ 1ರಿಂದ ಪುನಃ ಶೇ. 30 ಸುಂಕ. ಬಾಗಿಲು ಮುಚ್ಚುವುದು, ತೆರೆಯುವುದು, ಅರೆತೆರೆಯುವುದು, ಎಲ್ಲವೂ ಪೇಟೆಯ ಬೆಲೆ ಮತ್ತು ಚುನಾವಣೆಯ ಲೆಕ್ಕ ನೋಡಿಕೊಂಡು. ಬಿತ್ತುವವನಿಗೆ ಬೇಕಾದದ್ದು ನಾಲ್ಕು ತಿಂಗಳ ಮುಂದಿನ ಭರವಸೆ. ಸ್ವಾತಿ ಮಳೆಗೆ ಬಿತ್ತಿದವನು ಸಂಕ್ರಾಂತಿ ದಾಟಿ ಒಕ್ಕುವ ಹೊತ್ತಿಗೆ ಬಂದರಿನಲ್ಲಿ ಎಷ್ಟು ಹಡಗು ನಿಂತಿರುತ್ತವೆಂದು ಯಾರು ಹೇಳಬಲ್ಲರು?

ಅಗ್ಗದ ಕಾಳು ಬಡವರಿಗೆ ಅನುಕೂಲವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮ ದೇಶದಲ್ಲಿ ತಲೆಯೊಂದಕ್ಕೆ ದಿನಕ್ಕೆ ದೊರೆಯುತ್ತಿದ್ದ ಬೇಳೆಕಾಳು 1961ರಲ್ಲಿ ಸುಮಾರು 69 ಗ್ರಾಂ. 2001ರ ಹೊತ್ತಿಗೆ ಅದು 30 ಗ್ರಾಂಗೆ ಇಳಿದಿತ್ತು. ಗೋದಿ, ಅಕ್ಕಿಗಳ ಕಣಜ ತುಂಬಿದ ಹಸಿರು ಕ್ರಾಂತಿಯ ವರ್ಷಗಳಲ್ಲೇ ಬಡವರ ತಟ್ಟೆಯಿಂದ ಕಾಳು ಜಾರಿಹೋಯಿತು. ಆ ಮೇಲೆ ಪ್ರಮಾಣ ಒಂದಿಷ್ಟು ಚೇತರಿಸಿಕೊಂಡಿದೆ, ನಿಜ. ಆ ಚೇತರಿಕೆಯ ಒಂದು ಪಾಲು ಹಡಗಿನಲ್ಲಿ ಬಂದದ್ದು. ಹಸಿದವರ ಎದುರಿನ ತಟ್ಟೆಯನ್ನು ಕಸಿಯಿರೆಂದು ನಾವು ಹೇಳುತ್ತಿಲ್ಲ. ಆದರೆ ಆ ಅಗ್ಗದ ಕಾಳು ಬಡವರ ಮನೆಗೆ ಯಾವ ವೇಷದಲ್ಲಿ ಬರುತ್ತದೆಂದು ನೋಡಬೇಕು. ಹಳದಿ ವಟಾಣಿಯ ಹಿಟ್ಟು ಕಡಲೆ ಹಿಟ್ಟಿನಲ್ಲಿ ಬೆರೆಯುವುದು ವ್ಯಾಪಾರದಲ್ಲಿ ಎಲ್ಲರೂ ಬಲ್ಲ ಸಂಗತಿ. ಕಡಲೆಯೆಂದು ನಂಬಿ ಕಲಸಿದ ಝುಣಕದಲ್ಲಿ ಕೆನಡಾದ ವಟಾಣಿ ಕುದಿಯುತ್ತಿರಬಹುದು. ಕಟಾವಿಗೆ ಮೊದಲು ಗಿಡವೆಲ್ಲ ಒಟ್ಟಿಗೆ ಒಣಗಲೆಂದು ಕಳೆನಾಶಕ ಸಿಂಪಡಿಸುವ ಪದ್ಧತಿ ಆ ದೇಶದ ದೊಡ್ಡ ಹೊಲಗಳಲ್ಲಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಬಡವರ ಹೆಸರಿನಲ್ಲಿ ಬಂದದ್ದರ ಲಾಭ ಬಡವರಿಗೇ ತಲುಪಿತೋ ಗಿರಣಿಗೆ ತಲುಪಿತೋ ಎಂದು ಲೆಕ್ಕ ಕೇಳುವವರಿಲ್ಲ.

ಇನ್ನು ಹೊಲ. ಕುಡಚಿಯಿಂದ ಕೃಷ್ಣೆಯನ್ನು ದಾಟಿದರೆ ಉಗಾರ ಖುರ್ದ. ಅಲ್ಲಿಯ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಅನಂತರದ ದಶಕಗಳಲ್ಲಿ ರಾಯಬಾಗ, ಅಥಣಿ, ಚಿಕ್ಕೋಡಿ, ಕಾಗವಾಡ ಸೀಮೆಯುದ್ದಕ್ಕೂ ಸಹಕಾರಿ ಮತ್ತು ಖಾಸಗಿ ಕಾರ್ಖಾನೆಗಳು ಎದ್ದುನಿಂತವು. ಕಬ್ಬು ಬರುವ ಮೊದಲಿನ ಜೋಳದ ಹೊಲದಲ್ಲಿ ಜೋಳವೊಂದೇ ಇರುತ್ತಿರಲಿಲ್ಲ. ಇಷ್ಟು ಸಾಲು ಜೋಳಕ್ಕೆ ಒಂದು ಸಾಲು ಅಕ್ಕಡಿ ಎಂದು ತೊಗರಿ, ಹೆಸರು, ಮಡಕಿ, ಅಲಸಂದಿ, ಹುರಳಿಗಳು ಬೀಳುತ್ತಿದ್ದವು. ಅಂಚಿನಲ್ಲಿ ಪುಂಡಿ, ನಡುವೆ ಗುರೆಳ್ಳು. ಅಕ್ಕಡಿ ಸಾಲು ಮಾರಾಟಕ್ಕಲ್ಲ, ಮನೆಗೆ. ಅದರ ಬೀಜ ಯಾರ ಅಂಗಡಿಯಿಂದಲೂ ಬರುತ್ತಿರಲಿಲ್ಲ; ಕಳೆದ ಸಲದ ಗಡಿಗೆಯಿಂದ ಬರುತ್ತಿತ್ತು. ಕಬ್ಬು ನೆಲವನ್ನು ವರ್ಷವಿಡೀ ಹಿಡಿದಿಡುತ್ತದೆ, ನಡುವೆ ಅಕ್ಕಡಿಗೆ ಜಾಗ ಕೊಡುವುದಿಲ್ಲ, ಕೊನೆಗೆ ಬದುವನ್ನೂ ಬಿಡುವುದಿಲ್ಲ. ಅಕ್ಕಡಿ ಹೋದ ಹೊಲದಲ್ಲಿ ಬೀಜದ ಗಡಿಗೆಗೂ ಕೆಲಸವಿಲ್ಲದಾಯಿತು.

ಇದಕ್ಕಾಗಿ ಕಬ್ಬು ಬೆಳೆಗಾರನನ್ನು ಹಳಿಯುವ ಪರಿಸರವಾದಿಗಳ ಸಾಲಿಗೆ ನಾವು ಸೇರುವುದಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದ ರಸ್ತೆಯಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಕುಳಿತ ರೈತರು ಸಿರಿವಂತಿಕೆಗಾಗಿ ಕುಳಿತವರಲ್ಲ. ಕಬ್ಬಿಗೆ ಕೊನೆಯ ಪಕ್ಷ ಒಂದು ದರವಿದೆ, ಅದಕ್ಕಾಗಿ ಜಗಳವಾಡಲು ಒಂದು ಬಾಗಿಲಿದೆ. ವಟಾಣಿಗೆ ಏನಿದೆ? ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿರುವ ಬೇಳೆಕಾಳು ಐದು: ತೊಗರಿ, ಹೆಸರು, ಉದ್ದು, ಕಡಲೆ, ಮಸೂರ. ವಟಾಣಿ ಇಲ್ಲ, ಹುರಳಿ ಇಲ್ಲ, ಅಲಸಂದಿ ಇಲ್ಲ, ಮಡಕಿಯೂ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಬೆಳೆಗಾಗಿ ರೈತ ಯಾವ ಕಚೇರಿಯ ಮುಂದೆ ಧರಣಿ ಕೂರಬೇಕು? ಸರ್ಕಾರದ ಕಣ್ಣಿಗೆ ಇವು ಬೆಳೆಗಳೇ ಅಲ್ಲ.

ಇದರ ಮೇಲೆ ಸವಳು-ಜವಳು. ಮಿತಿಮೀರಿ ನೀರುಣಿಸಿದ ದಂಡೆಯ ಕಬ್ಬಿನ ನೆಲಗಳಲ್ಲಿ ಅಂತರ್ಜಲ ಮೇಲೇರಿ, ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಹರಡಿಕೊಂಡಿದೆ. ಕಬ್ಬಾದರೂ ಒಂದಿಷ್ಟು ದಿನ ಸಹಿಸಿಕೊಳ್ಳುತ್ತದೆ. ವಟಾಣಿ, ಕಡಲೆ, ಹೆಸರುಗಳಂಥ ದ್ವಿದಳ ಬೆಳೆಗಳು ಉಪ್ಪಿಗೆ ಬಹು ಬೇಗ ಸೋಲುತ್ತವೆ. ಆದ್ದರಿಂದ ನಾಳೆ ರೈತ ಮನಸ್ಸು ಬದಲಿಸಿ ಕಾಳಿಗೆ ಮರಳುತ್ತೇನೆಂದರೂ ಅಂಥ ಹೊಲ ಅದನ್ನು ಒಪ್ಪಲಾರದು. ಊರು ಇರುವುದು ಸಾಮಾನ್ಯವಾಗಿ ಎತ್ತರದ ದಿಬ್ಬದ ಮೇಲೆ. ಬಚ್ಚಲ ನೀರು, ಗೊಬ್ಬರ, ಬೂದಿ ಉಂಡು ಬೆಳೆದ ಹಿತ್ತಲಿನ ಮಣ್ಣು ಇನ್ನೂ ಕೆಟ್ಟಿಲ್ಲ. ನಾವು ಹಿತ್ತಲೆಂದು ಹಟ ಹಿಡಿಯುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ವಟಾಣಿಯ ಸ್ವಭಾವದಲ್ಲೇ ಇದೆ. ವಿದ್ಯಾರ್ಥಿಗಳು ಇದನ್ನು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ, ಆದರೆ ಹಿತ್ತಲಿಗೆ ಹೊಂದಿಸಿ ನೋಡಿರಲಾರರು. ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ 1856ರಿಂದ 1863ರವರೆಗೆ ಬ್ರುನೊ ನಗರದ ಮಠದ ತೋಟದಲ್ಲಿ ವಟಾಣಿ ಬೆಳೆದು ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡನು. ಆ ತೋಟದ ಅಳತೆ 35 ಮೀಟರ್ ಉದ್ದ, 7 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆಗೂ ಕಡಿಮೆ. ಅಷ್ಟು ಚಿಕ್ಕ ಜಾಗದಲ್ಲಿ ಬಗೆಬಗೆಯ ತಳಿಗಳನ್ನು ಬೆರಕೆಯಾಗದಂತೆ ಬೆಳೆಯಲು ಸಾಧ್ಯವಾದದ್ದು ವಟಾಣಿಯ ಹೂವು ಅರಳುವ ಮೊದಲೇ ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವುದರಿಂದ. ಹುರಳಿ, ಹೆಸರು, ಮಡಕಿ, ಕಡಲೆಗಳೂ ಬಹುಮಟ್ಟಿಗೆ ಹೀಗೆಯೇ. ತೊಗರಿ ಹಾಗಲ್ಲ; ಜೇನುನೊಣ ಪಕ್ಕದ ಹೊಲದ ಪರಾಗವನ್ನು ತಂದು ಬೆರೆಸುತ್ತದೆ, ಅದರ ತಳಿಶುದ್ಧಿಗೆ ದೂರ ಬೇಕು. ವಟಾಣಿಗೆ ಬೇಡ. ನಾಲ್ಕು ಮಾರು ಅಂತರದಲ್ಲಿ ಎರಡು ತಳಿ ಬೆಳೆದರೂ ಎರಡೂ ತಮ್ಮ ತಮ್ಮ ಗುಣದಲ್ಲೇ ಉಳಿಯುತ್ತವೆ. ಹಿತ್ತಲಿಗೆ ಇದಕ್ಕಿಂತ ಹೊಂದುವ ಬೆಳೆ ಬೇರೆ ಯಾವುದಿದೆ?

ಮೆಂಡೆಲನು ನೋಡಿದ ಗುಣಗಳಲ್ಲಿ ಒಂದು ಕಾಳಿನ ಆಕಾರ: ದುಂಡು ಮತ್ತು ಸುಕ್ಕು. ಸುಕ್ಕು ಕಾಳಿನಲ್ಲಿ ಸಕ್ಕರೆ ಪೂರ್ತಿಯಾಗಿ ಪಿಷ್ಟವಾಗಿ ಮಾರ್ಪಡುವುದಿಲ್ಲ. ಹಸಿಯಾಗಿ ತಿನ್ನಲು ಅದು ಸಿಹಿ, ಒಣಗಿದರೆ ಮುದುಡುತ್ತದೆ. ದುಂಡು ಕಾಳಿನಲ್ಲಿ ಪಿಷ್ಟ ಹೆಚ್ಚು. ಒಣಗಿಸಿ ಇಡಲು, ಬೇಯಿಸಿ ಹೊಟ್ಟೆ ತುಂಬಿಸಿಕೊಳ್ಳಲು ಅದೇ ಸರಿ. ಇಂದು ತೋಟಗಾರಿಕೆಯ ಬೀಜದಂಗಡಿಯಲ್ಲಿ ಬಣ್ಣದ ಪೊಟ್ಟಣದಲ್ಲಿ ಸಿಗುವ ವಟಾಣಿ ಹೆಚ್ಚಾಗಿ ಹಸಿ ಕಾಯಿಯ ಪೇಟೆಗೆಂದು ತಯಾರಾದ ಸಿಹಿ ತಳಿ. ಒಣಗಾಳಿನ ವಟಾಣಿ ಪೊಟ್ಟಣದಲ್ಲಿ ಬರುವುದಿಲ್ಲ. ಬಂದರೆ ಮತ್ತೊಬ್ಬರ ಸೆರಗಿನ ಗಂಟಿನಿಂದಲೇ ಬರಬೇಕು.

ಅಂಥ ಒಂದು ತಳಿ ಕರಿ ವಟಾಣಿ. ಕೊಂಕಣದವರು ‘ಕಾಳಾ ವಟಾಣಾ’ ಎನ್ನುವ ಈ ಕಾಳು ಕೊಲ್ಹಾಪುರ, ಬೆಳಗಾವಿ ಕಡೆಯ ಮನೆಗಳಿಗೂ ಅಪರಿಚಿತವಲ್ಲ. ಕಾಳು ಸಣ್ಣದು, ಸಿಪ್ಪೆ ಕಂದುಗಪ್ಪು. ಬಣ್ಣದ ಸಿಪ್ಪೆಯ ವಟಾಣಿಗೆ ಹೂವೂ ಬಣ್ಣದ್ದೇ. ಬಿಳಿ ಹೂವಿನ ಬಳ್ಳಿಯ ಕಾಳಿನ ಸಿಪ್ಪೆಗೆ ಆ ಬಣ್ಣ ಬರುವುದಿಲ್ಲ. ಇದನ್ನೂ ಮೆಂಡೆಲ್ ಗಮನಿಸಿದ್ದನು. ನೀವು ಹಿತ್ತಲಿನಲ್ಲೇ ನೋಡಬಹುದು. ಸಿಪ್ಪೆಯ ಆ ಒಗರು ಬಿತ್ತಿದ ಕಾಳನ್ನು ಮಣ್ಣಿನ ಶಿಲೀಂಧ್ರಗಳಿಂದ ಒಂದಿಷ್ಟು ಕಾಯುತ್ತದೆ. ಪೇಟೆಗೆ ಮಾತ್ರ ಅದು ಕೊರತೆ, ಏಕೆಂದರೆ ಪೇಟೆಗೆ ಬೇಕಾದದ್ದು ಸಿಪ್ಪೆ ಕಳೆದು ಹಳದಿ ಬೇಳೆ ಮಾಡಿ ಹಿಟ್ಟಾಗಿಸುವ ಕಾಳು. ಇಂಗ್ಲೆಂಡಿನ ಉತ್ತರ ಭಾಗದಲ್ಲಿಯೂ ಇದೇ ಬಳಗದ ಕಂದು ವಟಾಣಿಯನ್ನು ಈಸ್ಟರಿಗೆ ಮುಂಚಿನ ಒಂದು ಭಾನುವಾರ ಬೇಯಿಸಿ ತಿನ್ನುವ ರೂಢಿಯಿದೆ. ಅಲ್ಲಿ ಅದರ ಹೆಸರು ಕಾರ್ಲಿನ್.

ಈಗ ಬಹಳ ಜನ ಎತ್ತುವ ಆಕ್ಷೇಪ: ಹಿತ್ತಲಿನ ಕಾಳಿನಿಂದ ಮನೆ ನಡೆಯುತ್ತದೆಯೇ? ಖಂಡಿತ ನಡೆಯುವುದಿಲ್ಲ. ಲೆಕ್ಕ ಹಾಕೋಣ. ಐದು ಜನರ ಮನೆಗೆ ತಲೆಗೆ ದಿನಕ್ಕೆ 80 ಗ್ರಾಂ ಎಂದರೆ ವರ್ಷಕ್ಕೆ 146 ಕಿಲೋ ಕಾಳು ಬೇಕು. ಎಕರೆಗೆ ನಾಲ್ಕು ಕ್ವಿಂಟಲ್ ಬರುವುದೆಂದು ಹಿಡಿದರೂ ಒಂದು ಗುಂಟೆ ಹಿತ್ತಲು ಕೊಡುವುದು 10 ಕಿಲೋ. ಸ್ವಾವಲಂಬನೆಯ ಹೆಸರಿನಲ್ಲಿ ಹಿತ್ತಲಿನ ಮೇಲೆ ಇಡೀ ಮನೆಯ ಹೊಟ್ಟೆಯ ಭಾರ ಹೊರಿಸುವವರು ಹಿತ್ತಲಿಗೂ ಹೆಂಗಸರಿಗೂ ಅನ್ಯಾಯ ಮಾಡುತ್ತಾರೆ. ಹಿತ್ತಲು ಕಣಜವಲ್ಲ, ಬೀಜದ ಗಡಿಗೆ. 10 ಕಿಲೋದಲ್ಲಿ ಆರು ಕಿಲೋ ಉಂಡು ಎರಡು ಕಿಲೋ ಹಂಚಿ ಎರಡು ಕಿಲೋ ಇಟ್ಟುಕೊಂಡರೆ, ಹೊಲ ಮರಳಿ ಕಾಳನ್ನು ಕೇಳುವ ದಿನಕ್ಕೆ ಊರಿನಲ್ಲಿ ಬೀಜ ಇರುತ್ತದೆ. ಕೇಳದಿದ್ದರೂ ವರ್ಷಕ್ಕೆ ಹತ್ತಿಪ್ಪತ್ತು ಸಲ ಮನೆಯವರು ತಮ್ಮದೇ ಕಾಳಿನ ರುಚಿ ನೋಡುತ್ತಾರೆ.

ಬೆಳೆಯುವುದು ಕಷ್ಟವಲ್ಲ, ಆದರೆ ವೇಳೆ ತಪ್ಪಬಾರದು. ವಟಾಣಿ ಚಳಿಯ ಬೆಳೆ. ಬಿಸಿಲು ಬಲಿತರೆ ಹೂವು ಉದುರುತ್ತದೆ. ಬಯಲಿನಲ್ಲಿ ಚಿತ್ತೆ, ಸ್ವಾತಿ ಮಳೆಗಳ ಹದ ನೋಡಿ ಬಿತ್ತಬೇಕು. ನಮ್ಮ ಬೆಟ್ಟದ ಸೀಮೆಯಲ್ಲಿ ಮಳೆ ಪೂರ್ತಿ ಹಿಂದೆಗೆದು ಮಣ್ಣು ಉಸಿರಾಡುವಂತಾದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ. ನೀರು ನಿಂತರೆ ಬೇರು ಕೊಳೆಯುವುದು ಖಚಿತ. ತೀರ ತಡ ಮಾಡಿದರೆ ಎಲೆಗಳ ಮೇಲೆ ಹಿಟ್ಟು ಎರಚಿದಂತೆ ಬೂದಿ ರೋಗ ಹಿಡಿಯುತ್ತದೆ, ಊರ ತಳಿಗಳು ಇದಕ್ಕೆ ಹೊರತಲ್ಲ. ಸಾಲಿನಿಂದ ಸಾಲಿಗೆ ಒಂದು ಅಡಿ, ಕಾಳಿನಿಂದ ಕಾಳಿಗೆ ಮೂರು-ನಾಲ್ಕು ಬೆರಳು, ಆಳ ಎರಡು ಬೆರಳು. ಎತ್ತರಕ್ಕೆ ಹಬ್ಬುವ ತಳಿಗೆ ತೊಗರಿ ಕಟ್ಟಿಗೆಯನ್ನೋ ಹತ್ತಿ ಕಟ್ಟಿಗೆಯನ್ನೋ ನೆಟ್ಟರೆ ಸಾಕು, ನುಲಿಬಳ್ಳಿ ತಾನೇ ಹಿಡಿದುಕೊಳ್ಳುತ್ತದೆ. ಸರ್ಕಾರಿ ಗೊಬ್ಬರದ ಚೀಲವನ್ನು ಹಿತ್ತಲಿಗೆ ತರಬೇಡಿ. ಒಂದು ಗಿಡವನ್ನು ಮೆಲ್ಲನೆ ಕಿತ್ತು ಬೇರಿನ ಗಂಟುಗಳನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಮಣ್ಣಿಗೆ ಇಳಿಯುತ್ತಿದೆ ಎಂದರ್ಥ.

ಬೀಜ ಹಾಳಾಗುವುದು ಒಂದು ಕೆಟ್ಟ ರೂಢಿಯಿಂದ. ಮೊದಲು ಬಂದ ತುಂಬುಗಾಯಿಗಳನ್ನೆಲ್ಲ ಹಸಿಯಾಗಿಯೇ ತಿಂದು, ಕೊನೆಗೆ ಉಳಿದ ಸೊರಗು ಕಾಯಿಯನ್ನು ಬೀಜಕ್ಕೆ ಬಿಡುವುದು. ನಾಲ್ಕು ವರ್ಷ ಹೀಗೆ ಮಾಡಿ ‘ಊರ ತಳಿ ಇಳುವರಿ ಕೊಡುವುದಿಲ್ಲ’ ಎಂದು ದೂರುತ್ತೇವೆ. ಹೂ ಬಿಡುವಾಗಲೇ ರೋಗವಿಲ್ಲದ, ಮೈತುಂಬಿದ ಮೂವತ್ತು-ನಲವತ್ತು ಗಿಡಗಳಿಗೆ ಬಣ್ಣದ ದಾರ ಕಟ್ಟಬೇಕು. ಅವುಗಳ ಕಾಯಿಯನ್ನು ಮಕ್ಕಳೂ ಮುಟ್ಟಬಾರದು, ಮನೆಗೆ ಬಂದ ನೆಂಟರೂ ಮುಟ್ಟಬಾರದು. ಕಾಯಿ ಕಂದಾಗಿ ಅಲುಗಾಡಿಸಿದಾಗ ಸದ್ದು ಮಾಡುವಾಗ ಗಿಡ ಸಮೇತ ಕಿತ್ತು ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ, ಆಮೇಲೆ ಒಕ್ಕಿ, ಎರಡು ಮೂರು ದಿನ ಬಿಸಿಲಿಗೆ ಹರಡಬೇಕು. ಹಲ್ಲಿನಿಂದ ಕಚ್ಚಿದರೆ ಗುರುತು ಮೂಡದೆ ಕಟ್ಟೆಂದು ಒಡೆಯುವ ಕಾಳು ಇಡಲು ಯೋಗ್ಯ.

ಇಡುವುದರಲ್ಲಿ ಬಯಲಿಗೂ ಬೆಟ್ಟಕ್ಕೂ ವ್ಯತ್ಯಾಸವಿದೆ. ಬಯಲಿನ ವೈರಿ ನುಸಿ. ಅಲ್ಲಿಯ ಅವ್ವಂದಿರು ಬೂದಿ ಬೆರೆಸಿ, ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಹಾಸಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತುತ್ತಾರೆ. ಕಿಲೋ ಕಾಳಿಗೆ ಒಂದು ಚಮಚ ಔಡಲೆಣ್ಣೆ ಸವರಿದರೆ ಹುಳು ಇಟ್ಟ ಮೊಟ್ಟೆ ಬಲಿಯುವುದಿಲ್ಲ. ನಮ್ಮಲ್ಲಿ ನುಸಿಗಿಂತ ದೊಡ್ಡ ವೈರಿ ಮಳೆಗಾಲದ ತೇವ. ಅದಕ್ಕೇ ಬೆಟ್ಟದ ಮನೆಗಳಲ್ಲಿ ಬೀಜ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಮಳೆಗಾಲ ಕಳೆಯುತ್ತಿತ್ತು. ಗ್ಯಾಸ್ ಬಂದು ಹೆಂಗಸರ ಕಣ್ಣು ಉಳಿಯಿತು, ಅದು ಒಳ್ಳೆಯದೇ ಆಯಿತು. ಆದರೆ ಅಟ್ಟದ ಬೀಜಕ್ಕೆ ಬದಲಿ ವ್ಯವಸ್ಥೆ ಮಾಡಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬಚ್ಚಲ ಒಲೆ ಇನ್ನೂ ಉರಿಯುವ ಮನೆಗಳಲ್ಲಿ ಅದರ ಮೇಲೆ ತೂಗುಹಾಕಬಹುದು. ಇಲ್ಲದವರು ಗಾಜಿನ ಭರಣಿಯಲ್ಲಿ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯ ಗಂಟೊಂದನ್ನು ಬೀಜದ ಜೊತೆ ಇಟ್ಟು ಮುಚ್ಚಳ ಬಿಗಿಯಲಿ. ಅಕ್ಕಿ ತೇವ ಹೀರುತ್ತದೆ.

ಅಡಿಗೆಯ ಮಾತಿಲ್ಲದೆ ಬೀಜದ ಮಾತು ಪೂರ್ಣವಾಗದು, ಏಕೆಂದರೆ ಉಣ್ಣದ ಕಾಳನ್ನು ಯಾರೂ ಬಹುದಿನ ಬಿತ್ತುವುದಿಲ್ಲ. ಕರಿ ವಟಾಣಿಯನ್ನು ಹತ್ತು ಹನ್ನೆರಡು ತಾಸು ನೆನೆಯಿಟ್ಟು, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಬೇಕು. ಬೇಯಿಸಿ ಬಸಿದ ಕಟ್ಟನ್ನು ಚೆಲ್ಲಬಾರದು. ಬೆಳ್ಳುಳ್ಳಿಯ ಒಗ್ಗರಣೆ, ಹುಣಸೆ, ಖಾರ ಬಿದ್ದರೆ ಅದೇ ಕಟ್ಟಿನ ಸಾರು. ಕಾಳಿಗೆ ಉಳ್ಳಾಗಡ್ಡಿ ಮತ್ತು ಕೊಬ್ಬರಿಯನ್ನು ಕೆಂಪಗೆ ಹುರಿದು, ಕೊತ್ತಂಬರಿ ಬೀಜ, ಮೆಣಸು, ಲವಂಗ ಸೇರಿಸಿ ಅರೆದ ಮಸಾಲೆ. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಮಸಾಲೆಯ ಜೊತೆಗೇ ಅರೆದರೆ ರಸ ತಾನಾಗಿ ಗಟ್ಟಿಯಾಗುತ್ತದೆ. ಘಟ್ಟದ ಕೆಳಗಿನವರು ಕೋಕಂ ಹಾಕುತ್ತಾರೆ, ನಮ್ಮ ಮುರುಗಲು ಅದೇ. ಬಯಲಿನಲ್ಲಿ ಜೋಳದ ರೊಟ್ಟಿ, ಇಲ್ಲಿ ಅಕ್ಕಿ ರೊಟ್ಟಿ. ಈ ಸಾಂಬಾರು ಎರಡಕ್ಕೂ ಒಗ್ಗುತ್ತದೆ.

ಕಾಳು ಬೇಯುವುದಿಲ್ಲ ಎಂಬ ದೂರು ಹಲವು ಕಡೆ ಕೇಳಿಬರುತ್ತದೆ. ಅರ್ಧ ದೋಷ ಹಳೆಯ ಕಾಳಿನದು, ಅರ್ಧ ನೀರಿನದು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದಂಶ ಕಾಳಿನ ಜೀವಕೋಶಗಳ ಗೋಡೆಯನ್ನು ಇನ್ನಷ್ಟು ಬಿಗಿಯುತ್ತದೆ. ಸೋಡಾ ಹಾಕಿದರೆ ಬೇಗ ಮೆತ್ತಗಾಗುತ್ತದೆ, ಆದರೆ ಕಾಳಿನಲ್ಲಿರುವ ಬಿ-1 ಜೀವಸತ್ವ ಕರಗಿಹೋಗುತ್ತದೆ. ಮಳೆನೀರು ಹಿಡಿದಿಟ್ಟು ಅದರಲ್ಲಿ ಬೇಯಿಸಿ ನೋಡಿ. ನದಿಯ ದಂಡೆಯಲ್ಲಿದ್ದೂ ಕಾಳು ಬೇಯುವ ನೀರಿಲ್ಲದ ಅಡಿಗೆಮನೆಗಳು ನಮ್ಮ ನಾಡಿನಲ್ಲಿ ಉಂಟಾಗಿವೆ ಎಂಬುದು ಪರಿಸರದ ಸುದ್ದಿಯಲ್ಲದೆ ಮತ್ತೇನು?

ಇನ್ನೊಂದು ಆಕ್ಷೇಪ ಕಲಿತವರದು. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊದಲ್ಲಿ ಬೀಜಗಳು ಶೀತಲಗೃಹದಲ್ಲಿವೆ, 2008ರಲ್ಲಿ ಆರಂಭವಾದ ಸ್ವಾಲ್‌ಬಾರ್ಡ್‌ನ ಹಿಮದ ಉಗ್ರಾಣವೂ ಇದೆ, ನಿಮ್ಮ ಗಡಿಗೆ ಯಾಕೆ ಎನ್ನುತ್ತಾರೆ. ಶೀತಲಗೃಹದ ಬೀಜ ನಿದ್ದೆಯಲ್ಲಿರುತ್ತದೆ. ಹೊರಗೆ ಮಳೆಯ ದಿನ ಬದಲಾದದ್ದು, ಚಳಿ ಕಿರಿದಾದದ್ದು, ಹೊಸ ರೋಗ ಬಂದದ್ದು ಅದಕ್ಕೆ ತಿಳಿಯದು. ಅದರ ಬೀಗದ ಕೈಯೂ ನಮ್ಮ ಊರಿನಲ್ಲಿಲ್ಲ. ಉಗ್ರಾಣಗಳು ಇರಲಿ, ಅವು ಬೇಕು. ಅವುಗಳಿವೆಯೆಂದು ಹಿತ್ತಲನ್ನು ಸಿಮೆಂಟು ಮಾಡಿಸುವುದು ಸರಿಯಲ್ಲ.

ಕಾನೂನನ್ನೂ ಮರೆಯುವಂತಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು, ಬೀಜ ಉಳಿಸುವ, ಬಿತ್ತುವ, ಮರಳಿ ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ ಎಂಬುದಷ್ಟೇ ಅದರ ಮಿತಿ. 1992ರ ಡಿಸೆಂಬರ್‌ನಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಾಗದಗಳನ್ನು ಬೀದಿಗೆ ಎಸೆದಾಗ ಕೇಳಿದ ಪ್ರಶ್ನೆ ಬೀಜ ಯಾರದು ಎಂಬುದೇ ಆಗಿತ್ತು. ಆ ಪ್ರಶ್ನೆ ಮುಗಿದಿಲ್ಲ. 2004ರಲ್ಲಿ ಒಂದು ಬೀಜ ಮಸೂದೆ ಬಂತು, 2019ರಲ್ಲಿ ಒಂದು ಕರಡು, 2025ರ ನವೆಂಬರ್‌ನಲ್ಲಿ ಮತ್ತೊಂದು. ಪ್ರತಿ ಕರಡೂ ರೈತರ ಹಕ್ಕಿಗೆ ಧಕ್ಕೆಯಿಲ್ಲ ಎನ್ನುತ್ತದೆ. ಆದರೆ ಹಕ್ಕು ಉಳಿಯುವುದು ಬಳಕೆಯಿಂದ. ಗಡಿಗೆಯೇ ಬರಿದಾದ ಊರಿಗೆ ಬೀಜ ಉಳಿಸುವ ಹಕ್ಕನ್ನು ಬಂಗಾರದ ಅಕ್ಷರದಲ್ಲಿ ಬರೆದುಕೊಟ್ಟರೂ ಏನು ಬಂತು? ಯೂರೋಪಿನಲ್ಲಿ 1970ರ ದಶಕದಲ್ಲಿ ಅಧಿಕೃತ ಪಟ್ಟಿಯಲ್ಲಿಲ್ಲದ ತರಕಾರಿ ತಳಿಯ ಬೀಜವನ್ನು ಮಾರುವುದೇ ಅಪರಾಧವಾಯಿತು. ಅಲ್ಲಿಯ ಹಳೆಯ ವಟಾಣಿ, ಅವರೆಗಳಲ್ಲಿ ಎಷ್ಟೋ ಇಂದಿಗೂ ಉಳಿದಿರುವುದು ಮಾರದೆ, ಕೈಯಿಂದ ಕೈಗೆ ಕೊಟ್ಟ ಹಿತ್ತಲಿನವರಿಂದ.

ನಗರಗಳಲ್ಲಿ ಈಗ ‘ಪಾರಂಪರಿಕ’ ಎಂಬ ಚೀಟಿ ಅಂಟಿಸಿ ಹತ್ತು ಕಾಳಿಗೆ ಐವತ್ತು ರೂಪಾಯಿ ಎಣಿಸಿಕೊಳ್ಳುವ ಹೊಸ ವ್ಯಾಪಾರ ಹುಟ್ಟಿದೆ. ಇದನ್ನು ಬೀಜ ಸಂರಕ್ಷಣೆ ಎಂದು ಕರೆಯಲು ನಮಗೆ ಮನಸ್ಸಿಲ್ಲ. ನೆರೆಮನೆಗೆ ಸೇರುಗಟ್ಟಲೆ ಹೋಗುತ್ತಿದ್ದದ್ದು ಹತ್ತರ ಲೆಕ್ಕಕ್ಕೆ ಇಳಿದಿದೆ, ಅಷ್ಟೆ.

ಕೊನೆಗೆ ನಮ್ಮ ಮನೆಯ ಮಾತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. 1987ರಲ್ಲಿ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಆ ಪರಂಪರೆಯ ಹೆಸರು ಹೇಳುವ ನಮ್ಮಂಥ ಬಳಗಗಳ ಸಭೆಗಳಲ್ಲಿ ಹಿತ್ತಲು ಎಷ್ಟು ಸಲ ವಿಷಯಪಟ್ಟಿಗೆ ಬಂದಿದೆ? ಶಿರಸಿಯಲ್ಲೇ 2001ರಿಂದ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಕೈತೋಟದ ಬೀಜಗಳನ್ನು ಕೂಡಿಸಿ ಹಂಚುತ್ತ ಬಂದಿದ್ದಾರೆ. ನಾವು ಅವರ ಮೇಳಕ್ಕೆ ಹೋಗಿ ಹೊಗಳಿ, ಊಟ ಮಾಡಿ ಬರುತ್ತೇವೆ. ಹಿಂತಿರುಗಿ ಅಣೆಕಟ್ಟಿನ ಬಗ್ಗೆ ಕರಪತ್ರ ಬರೆಯುತ್ತೇವೆ. ಕರಪತ್ರ ಬೇಕು. ಆದರೆ ಕರಪತ್ರ ಬರೆಯುವವರ ಹಿತ್ತಲಿನಲ್ಲಿ ಒಂದು ಸಾಲು ಕಾಳೂ ಇಲ್ಲವೆಂದರೆ, ನಾವು ಬಯಲಿನ ರೈತನಿಗೆ ಕಬ್ಬು ಬಿಡೆಂದು ಯಾವ ಬಾಯಿಂದ ಹೇಳುವುದು?

ಒಂದು ಪ್ರಸ್ತಾಪ. ಮಣ್ಣಿನ ಗಡಿಗೆ ಪ್ರವಾಹದ ರಾತ್ರಿ ಹೊತ್ತು ಓಡುವ ವಸ್ತುವಲ್ಲ. 2019ರಂಥ ನೀರು ಬಂದರೆ ದಂಡೆಯ ಊರಿನ ಬೀಜ ಒಂದೇ ದಿನದಲ್ಲಿ ಹೋಗಬಹುದು. ನಮ್ಮ ಬೆಟ್ಟದಲ್ಲಿ ಅಷ್ಟು ನೀರು ಬರಲಿಕ್ಕಿಲ್ಲ, ಆದರೆ ಒಂದು ಜಡಿಮಳೆಯ ಆಷಾಢ ಅಟ್ಟದ ಬೀಜವನ್ನೆಲ್ಲ ಬೂಸು ಹಿಡಿಸಬಲ್ಲದು. ಆದ್ದರಿಂದ ಒಂದೇ ಬೀಜ ಎರಡೂ ಕಡೆ ಇರಬೇಕು. ಕೃಷ್ಣಾ ದಂಡೆಯ ಹಳ್ಳಿಗಳ ಮಡಕಿ, ಹುರಳಿ, ವಟಾಣಿಯ ಪಾಲೊಂದು ನಮ್ಮ ಹಿತ್ತಲುಗಳಲ್ಲಿ. ನಮ್ಮ ಅವರೆ, ಅಲಸಂದೆಯ ಪಾಲೊಂದು ಅವರ ಹಿತ್ತಲುಗಳಲ್ಲಿ. ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ಮರಳಿ ಕೊಡಬೇಕು, ಹಣವಿಲ್ಲದೆ, ಪಡೆದದ್ದರ ಎರಡರಷ್ಟು. ನೆಂಟಸ್ತಿಕೆಗೆ, ಜಾತ್ರೆಗೆ ಆ ಕಡೆ ಹೋಗಿಬರುವವರು ನಮ್ಮಲ್ಲಿ ಇದ್ದೇ ಇದ್ದಾರೆ, ಚೀಲದ ಮೂಲೆಯಲ್ಲಿ ಒಂದು ಗಂಟು ಯಾರಿಗೂ ಭಾರವಾಗದು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ತಮ್ಮ ಊರಿನ ಹತ್ತು ಮನೆಗಳ ಹಿರಿಯ ಹೆಂಗಸರನ್ನು ಕಂಡು, ಯಾವ ಕಾಳು ಇದೆ, ಯಾವುದು ಹೋಯಿತು, ಯಾವ ವರ್ಷ ಹೋಯಿತು ಎಂದು ಬರೆದುಕೊಂಡು ಬರಲಿ.

ಗಂಟು ಕಳಿಸುವವರು ಅದರೊಳಗೆ ಒಂದು ಚೀಟಿ ಇಡಬೇಕು. ಕಾಳನ್ನು ಮನೆಯಲ್ಲಿ ಕರೆಯುವ ಹೆಸರು, ಊರು, ಬೀಜ ಮೊದಲು ಯಾರ ಮನೆಯಿಂದ ಬಂತು, ಯಾವ ಮಳೆಗೆ ಬಿತ್ತಿದಿರಿ, ಹೂವಿನ ಬಣ್ಣ, ಎಷ್ಟು ದಿನಕ್ಕೆ ಒಣಗಿತು, ಹೇಗೆ ಬೇಯಿಸುತ್ತೀರಿ. ಪೆನ್ಸಿಲಿನಿಂದ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಒಂದು ಹಿಡಿಗಿಂತ ಕಡಿಮೆ ಕಳಿಸಬೇಡಿ, ಮತ್ತು ಇದ್ದದ್ದನ್ನೆಲ್ಲ ಕಳಿಸಬೇಡಿ.